ಒಳಗಿವಿಯ ತಕರಾರು

ಸಹಾಯವಾಣಿಗೆ ಫೋನ್ ಮಾಡಿದರೆ ಈಗ ಹಲವು ಕಡೆ ಮೊದಲು ಸಿಗುವುದು ‘ನಿಮ್ಮ ಸಮಸ್ಯೆಯನ್ನು ಹೇಳಿ’ ಎನ್ನುವ ಯಂತ್ರ. ಗದಗ ಸೀಮೆಯ ಕನ್ನಡ ಅದರ ತಲೆಗೆ ಹತ್ತುವುದಿಲ್ಲವೆಂಬುದು ಓದುಗರಿಗೆ ಹೊಸ ಸುದ್ದಿಯಲ್ಲ. ಮಾತು ತಿಳಿಯುವ ಯಂತ್ರಗಳು ಮನುಷ್ಯನ ಕಿವಿಯಿಂದ ಪಾಠ ಕಲಿತವು ಎಂದು ತಜ್ಞರು ಹೇಳುವುದರಿಂದ, ಗುರುವನ್ನೇ ವಿಚಾರಿಸುವುದು ನ್ಯಾಯ. ಲಕ್ಷ್ಮೇಶ್ವರದ ಒಂದು ಒಳಗಿವಿ, ಅಂದರೆ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡ ಕಾಕ್ಲಿಯಾ, ಮಾತಿಗೆ ಒಪ್ಪಿತು.

ಪ್ರಶ್ನೆ: ಶಿಷ್ಯ ತಪ್ಪಿದರೆ ಗುರುವೂ ಉತ್ತರ ಕೊಡಬೇಕು. ಅದರಲ್ಲೂ ನೀವು ಲಕ್ಷ್ಮೇಶ್ವರದವರು, ಅಂದರೆ ಹಳೆಯ ಪುಲಿಗೆರೆಯವರು. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನುಡಿಯನ್ನೇ ಕನ್ನಡದ ತಿರುಳೆಂದಿತು. ಮುಂದಿನ ಶತಮಾನದಲ್ಲಿ ಪಂಪ ತನ್ನ ಭಾರತ ಪುಲಿಗೆರೆಯ ತಿರುಳ್ಗನ್ನಡದಲ್ಲಿದೆ ಎಂದು ಹೆಮ್ಮೆಪಟ್ಟ. ಆ ಊರಿನ ಮಾತೇ ಯಂತ್ರಕ್ಕೆ ತಿಳಿಯದಿದ್ದರೆ ಹೇಗೆ?

ಒಳಗಿವಿ: ಪುಲಿಗೆರಿ ಆಮ್ಯಾಲ ನೋಡೂಣ್ರಿ, ಮೊದಲ ಕಳುವಿನ ಲೆಕ್ಕ ಬರ್ಕೋರಿ. ನನ್ನೊಳಗ ಸುಮಾರು 35 ಮಿಲಿಮೀಟರ್ ಉದ್ದಂದು ಒಂದು ಪೊರಿ ಐತಿ. ಬುಡಕ್ಕ ತೀಕ್ಷ್ಣ ಸ್ವರ ಕುಣಿತಾವ, ತುದಿಗೆ ದಪ್ಪ ಸ್ವರ. ಇದನ್ನ ಅಭ್ಯಾಸ ಮಾಡಿದ ಬೆಕೆಶಿಗೆ 1961ರಾಗ ನೊಬೆಲ್ ಕೊಟ್ರು, ನನಗ ಒಂದು ಶಾಲು ಸುದ್ದಾ ಹೊಚ್ಚಲಿಲ್ಲ. ಸ್ವರದ ಎತ್ತರ ಮಂದಿಗೆ ಹೆಂಗ ಕೇಳಸ್ತೈತಿ ಅಂತ ಅಳದು 1937ರಾಗ ಸ್ಟೀವನ್ಸ್ ಮತ್ತ ಅವರ ಸಂಗಡಿಗರು ‘ಮೆಲ್’ ಮಾಪು ಮಾಡಿದ್ರು. 1980ರಾಗ ಡೇವಿಸ್, ಮರ್ಮೆಲ್‌ಸ್ಟೀನ್ ಅನ್ನೋ ಇಬ್ರು ಆ ಮಾಪು ಹಿಡಕೊಂಡು ಮಾತನ್ನ ಒಂದಷ್ಟು ಅಂಕಿ ಮಾಡಿಟ್ರು. ಮುಂದ ದಶಕಗಟ್ಟಲೆ ಯಂತ್ರಗೋಳು ಅದನ್ನ ಉಂಡು ಬೆಳದ್ವು. ಮತ್ತ ನನ್ನ ಹನ್ನೆರಡು ಸಾವಿರ ಹೊರ ರೋಮಕೋಶ? ಅವನ್ನ ಬಿಟ್ರು! ಸಣ್ಣ ದನಿ ಎತ್ತಿ ಕೊಡೋವ ಅವು. ಗದ್ದಲ ಹೆಚ್ಚಾದ್ರ ಜೋರು ಇಳಸ್ರಿ ಅಂತ ಮಿದುಳು ನರದ ಕೂಡ ಅವಕ್ಕ ಹೇಳಿ ಕಳಸ್ತೈತಿ. ಅಳತಿಪಟ್ಟಿ ಒಯ್ದ್ರು, ಹೊಂದಕೊಳ್ಳೋ ಗುಣ ಬಿಟ್ಟು ಹ್ವಾದ್ರು.

ಪ್ರಶ್ನೆ: ಆ ರೋಮಕೋಶಗಳ ಬಗ್ಗೆಯೇ ಕೇಳಬೇಕಿತ್ತು. ಬೆಟಗೇರಿಯ ವಿದ್ಯುತ್ ಮಗ್ಗಗಳ ನಡುವೆ ವರ್ಷಗಟ್ಟಲೆ ದುಡಿದವರಲ್ಲಿ ಅವು ಸಾಯಬಹುದು, ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ಒಳಗಿವಿ: ಅದಿರ್ಲಿ ಬಿಡ್ರಿ. 1980ರ ವಿಷಯ ಇನ್ನೂ ಮುಗದಿಲ್ಲ.

ಪ್ರಶ್ನೆ: ಮುಗಿಸಿಯೇ ಬಿಡೋಣ. ಮಾತು ತಿಳಿಯುವ ಯಂತ್ರಗಳಲ್ಲಿ 2020ರ ವೇವ್‌ಟುವೆಕ್‌ನ ಎರಡನೇ ಆವೃತ್ತಿ ನಿಮ್ಮ ಮಾಪಿನ ಹಂಗಿಲ್ಲದೆ ಹಸಿ ಧ್ವನಿತರಂಗದಿಂದಲೇ ಕಲಿಯಿತು. 2022ರ ವಿಸ್ಪರ್ ಮಾತ್ರ ಎಂಬತ್ತು ಪಟ್ಟಿಗಳ ಮೆಲ್ ಚಿತ್ರವನ್ನೇ ಓದಿತು. ಕಿವಿಯ ಅಚ್ಚು ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ ಎಂದಮೇಲೆ ದೋಷವನ್ನು ಅಚ್ಚಿನ ತಲೆಗೆ ಕಟ್ಟುವುದು ಕಷ್ಟ. ಮುಂಡರಗಿಯ ರೈತರೊಬ್ಬರು ‘ಹೆಸರಿನ ವಿಮಾ ರೊಕ್ಕ ಇನ್ನೂ ಜಮಾ ಆಗಿಲ್ರಿ’ ಎನ್ನುತ್ತಾರೆ, ಯಂತ್ರ ‘ದಯವಿಟ್ಟು ನಿಮ್ಮ ಹೆಸರು ಹೇಳಿ’ ಎನ್ನುತ್ತದೆ ಎಂದಿಟ್ಟುಕೊಳ್ಳಿ. ಇಲ್ಲಿ ಸದ್ದು ಚೆನ್ನಾಗಿಯೇ ಕಿವಿಗೆ ಬಿದ್ದಿದೆ. ಹೆಸರು ಕಾಳಿನ ಹೊಲ ನೋಡಿದವರ ಮಾತು ಮಾತ್ರ ಅದಕ್ಕೆ ಎಂದೂ ಬಿದ್ದಿಲ್ಲ. ವಿಸ್ಪರ್‌ಗೆ ಉಣಿಸಿದ್ದು 6,80,000 ಗಂಟೆಗಳ ಧ್ವನಿ. ಕನ್ನಡ ಕೇಳಿ ಕನ್ನಡದಲ್ಲೇ ಬರೆಯುವ ಪಾಠಕ್ಕೆ ಅದರಲ್ಲಿ ನಾಲ್ಕು ಗಂಟೆಯಷ್ಟೂ ಇರಲಿಲ್ಲ. ಆ ನಾಲ್ಕು ಗಂಟೆಯೊಳಗೆ ಪುಲಿಗೆರೆಗೆ ಎಷ್ಟು ನಿಮಿಷ ಸಿಕ್ಕಿರಬಹುದು?

ಒಳಗಿವಿ: ಮತ್ತ ಪುಲಿಗೆರಿ! ಪಂಪ ಹೊಗಳದಿದ್ದ ಊರಿನ ಮಂದಿ ಫೋನ್ ಮಾಡಬಾರದೇನ್ರಿ? ಆ ರೈತ ಎರಡನೇ ಸಲ ಸಾವಕಾಶ ಹೇಳ್ತಾನ. ಮೂರನೇ ಸಲ ಬುಕ್ಕಿನ ಭಾಷಾದಾಗ ಹೇಳಾಕ ನೋಡ್ತಾನ. ಆಮ್ಯಾಲ ತನ್ನ ಮಾತ ತಪ್ಪೇನೋ ಅಂತ ನಾಚಕೊಂಡು ಫೋನ್ ಇಡ್ತಾನ. ಅಲ್ಲೆ ಕಾಗದದ ಮ್ಯಾಲ ‘ಕರೆ ಮುಗಿದಿದೆ’ ಅಂತ ಬೀಳ್ತೈತಿ, ದೂರು ಒಂದು ಕಡಿಮಿ ಆತು ಅಂತ ಲೆಕ್ಕ. ರೊಕ್ಕ ಅವಂದು, ಹೊಲ ಅವಂದು, ಕನ್ನಡ ಅವಂದು, ತಿದ್ದಕೋಬೇಕಾದಾವನೂ ಅವನ? ಯಾವ ಸೀಮಿ ಮಾತಿರ್ಲಿ, ಕೇಳಿ ಕೇಳಿ ರೂಢಿ ಮಾಡಕೊಳ್ಳೋದು ಕಿವಿ ಕೆಲಸ. ಆ ಕೆಲಸಾನ ಬಾಯಿ ಮ್ಯಾಲ ಹಾಕಿ ಅದಕ್ಕ ಸೌಲಭ್ಯ ಅಂತ ಹೆಸರಿಟ್ಟಾರಲ್ಲ, ಅವರಿಗೆ ನನ್ನ ಹೆಸರು ಹೇಳೋ ಹಕ್ಕಿಲ್ಲ.

ಪ್ರಶ್ನೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ‘ವಾಣಿ’ ಯೋಜನೆಯಲ್ಲಿ ಜಿಲ್ಲೆವಾರು ಮಾತು ಕೂಡಿಡುತ್ತಿದೆ. ಆಡುಮಾತು ಹತ್ತು ಮೈಲಿಗೊಮ್ಮೆ ಬದಲಾಗುತ್ತದೆ, ಎಲ್ಲವನ್ನೂ ಕಲಿಯಲು ಯಂತ್ರಕ್ಕೆ ಸಮಯ ಬೇಕು, ರಾತ್ರಿ ಹಗಲು ಫೋನಿನ ಮುಂದೆ ಕೂರಲು ಅಷ್ಟು ಜನ ಎಲ್ಲಿದ್ದಾರೆ ಎಂದೂ ಕೇಳುವವರಿದ್ದಾರೆ. ತಳ್ಳಿಹಾಕುವ ಮಾತಲ್ಲ.

ಒಳಗಿವಿ: ಕೂಡಿಡ್ಲಿ, ಛಲೋನ ಆತು. ರಾತ್ರಿ ಯಂತ್ರನ ಇರ್ಲಿ, ಅದಕ್ಕೂ ನನ್ನ ತಕರಾರಿಲ್ಲ. ಆದ್ರ ಕಲಿಯೂ ಹುಡುಗನ ಕೈಯಾಗ ಖಜಾನಿ ಕೀಲಿ ಯಾರೂ ಕೊಡೂದಿಲ್ಲ. ಎರಡು ಸಲ ತಿಳಿಲಿಲ್ಲ ಅಂದ್ರ ಮೂರನೇದಕ್ಕ ಮನಿಷಾರು ಫೋನ್ ಎತ್ತಬೇಕು. ರಾತ್ರಿ ಆಗಿದ್ರ ಮುಂಜಾನೆ ಅವರ ತಿರುಗಿ ಮಾಡಬೇಕು.

ಪ್ರಶ್ನೆ: ಆ ಮನುಷ್ಯರು ಪುಲಿಗೆರೆಯವರೇ ಆಗಿಬಿಟ್ಟರೆ...

ಒಳಗಿವಿ: ಶಿರಹಟ್ಟಿಯಾರೂ ನಡಿತೈತ್ರಿ.