ರೂಪಾಯಿಗೆ ಎಂಬತ್ತು ಪೈಸೆ ಡಾಕ್ಟರಮ್ಮ

ಜಪಾನಿನ ಫುಕುಶಿಮಾ ವೈದ್ಯಕೀಯ ವಿಶ್ವವಿದ್ಯಾಲಯ, ಸಪ್ಪೊರೊ ವೈದ್ಯಕೀಯ ವಿಶ್ವವಿದ್ಯಾಲಯ ಎರಡೂ ಪ್ರಾಂತ ಸರ್ಕಾರದವು. ಡಾಕ್ಟರು, ನರ್ಸು, ಫಿಸಿಯೋಥೆರಪಿಸ್ಟುಗಳನ್ನು ತಯಾರು ಮಾಡುವುದೇ ಅವುಗಳ ಕೆಲಸ. ಹುಟ್ಟಿದಾಗ ಎರಡೂ ಹೆಣ್ಣುಮಕ್ಕಳ ಕಾಲೇಜುಗಳಾಗಿದ್ದವು. ಫುಕುಶಿಮಾದ್ದು ಶುರುವಾದದ್ದು 1944ರಲ್ಲಿ, ಸಪ್ಪೊರೊದ್ದು 1945ರಲ್ಲಿ. ಇಸವಿ ನೋಡಿದರೆ ಕಾರಣ ತಾನೇ ತಿಳಿಯುತ್ತದೆ. ಗಂಡು ಡಾಕ್ಟರುಗಳೆಲ್ಲ ಯುದ್ಧಭೂಮಿಯಲ್ಲಿ, ಊರಲ್ಲಿ ಜ್ವರ ನೋಡಲು ಜನವಿಲ್ಲ. ಆಗ ಸರ್ಕಾರಕ್ಕೆ ಥಟ್ಟನೆ ಜ್ಞಾನೋದಯವಾಯಿತು: ಹೆಂಗಸರಿಗೂ ನಾಡಿ ಹಿಡಿಯಲು ಬರುತ್ತದೆ! ಮದುವೆಯಾದರೆ ಬಿಟ್ಟುಹೋಗುತ್ತಾರೆ, ಬಸಿರಾದರೆ ರಜಾ ಕೇಳುತ್ತಾರೆ ಎಂಬ ಚಿಂತೆ ಆಗ ಯಾರ ನಿದ್ದೆಯನ್ನೂ ಕೆಡಿಸಲಿಲ್ಲ.

ಈ ಜ್ಞಾನೋದಯ ಅಲ್ಲಿ ಆಗಾಗ ಬಂದು ಹೋಗುವ ಜಾತಿಯದು. 1885ರಲ್ಲೇ ಓಗಿನೊ ಗಿಂಕೊ ಸರ್ಕಾರಿ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆದ ಮೊದಲ ವೈದ್ಯೆಯಾದರು. ಹದಿನೈದು ವರ್ಷ ಕಳೆದು 1900ರಲ್ಲಿ ಟೋಕಿಯೋದ ಸೈಸೇ ಗಾಕುಶಾ ಎಂಬ ಕಾಲೇಜು ಇನ್ನು ಮುಂದೆ ಹೆಣ್ಣುಮಕ್ಕಳು ಬೇಡ ಎಂದು ಬಾಗಿಲು ಹಾಕಿತು. ಅಲ್ಲೇ ಓದಿದ್ದ ಯೋಶಿಯೋಕ ಯಾಯೊಯಿ ಅದೇ ವರ್ಷ ಹೆಣ್ಣುಮಕ್ಕಳಿಗಾಗಿ ತಮ್ಮದೇ ವೈದ್ಯಶಾಲೆ ತೆರೆದರು. ಆಮೇಲೆ ಯುದ್ಧ ಬಂತು, ಹೆಣ್ಣು ಬೇಕಾದಳು. ಯುದ್ಧ ಮುಗಿಯಿತು, ಕಾಲೇಜುಗಳು ಇಬ್ಬರಿಗೂ ತೆರೆದುಕೊಂಡವು. ಒಳ್ಳೆಯದೇ ಆಯಿತು. ಆದರೆ ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ಇದಕ್ಕೆ ಉತ್ತರ 2018ರಲ್ಲಿ ಸಿಕ್ಕಿತು. ಖಾಸಗಿಯಾದ ಟೋಕಿಯೋ ವೈದ್ಯಕೀಯ ವಿಶ್ವವಿದ್ಯಾಲಯ ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರ ಮಗನಿಗೆ ಅಂಕ ಸೇರಿಸಿ ಸೀಟು ಕೊಟ್ಟಿತ್ತು. ಅಪ್ಪ ಅದಕ್ಕೆ ಪ್ರತಿಯಾಗಿ ಸರ್ಕಾರಿ ಅನುದಾನಕ್ಕೆ ನೆರವಾದರೆಂಬುದು ಆರೋಪ. ಒಬ್ಬ ಮಗನಿಗೆ ಬಂದ ಅಂಕದ ಮೂಲ ಹುಡುಕುತ್ತ ಹೋದವರ ಕೈಗೆ ಸಿಕ್ಕಿದ್ದು ಊರ ಹೆಣ್ಣುಮಕ್ಕಳ ಕಳೆದುಹೋದ ಅಂಕ. 1916ರಲ್ಲಿ ಬೇರೊಂದು ಕಾಲೇಜಿನ ಆಡಳಿತದ ವಿರುದ್ಧ ಸಿಡಿದೆದ್ದು ಹೊರಬಂದ ವಿದ್ಯಾರ್ಥಿಗಳೇ ಕಟ್ಟಿದ ಸಂಸ್ಥೆ ಇದು. ಅದರ ಧ್ಯೇಯವಾಕ್ಯದ ಮೊದಲ ಪದ 'ನ್ಯಾಯ'.

ನ್ಯಾಯದ ಲೆಕ್ಕ ಹೀಗಿತ್ತು. ಎರಡನೇ ಸುತ್ತಿನ ಪ್ರಬಂಧಕ್ಕೆ 100 ಅಂಕ. ಮೊದಲು ಎಲ್ಲರ ಅಂಕವನ್ನೂ 0.8ರಿಂದ ಗುಣಿಸುವುದು, ಇಲ್ಲಿ ಲಿಂಗಭೇದವಿಲ್ಲ, ಪರಮ ಸಮಾನತೆ. ಆಮೇಲೆ ಆ ವರ್ಷವೇ ಶಾಲೆ ಮುಗಿಸಿದ ಹುಡುಗರಿಗೂ ಒಂದೆರಡು ವರ್ಷ ಕೂತು ಓದಿದ ಹುಡುಗರಿಗೂ 20 ಅಂಕ, ಮೂರು ವರ್ಷ ಕೂತವರಿಗೆ 10. ಹೆಣ್ಣಿಗೆ ಸೊನ್ನೆ. ನಾಲ್ಕು ವರ್ಷ ಇಲ್ಲವೇ ಅದಕ್ಕೂ ಹೆಚ್ಚು ಕೂತ ಗಂಡಿಗೂ ಸೊನ್ನೆ, ಪಾಪ, ಅವನನ್ನೂ ಹೆಣ್ಣಿನ ಸಾಲಿಗೇ ಸೇರಿಸಿದರು. ಈಗ ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ನೂರಕ್ಕೆ ನೂರು ತೆಗೆದ ಹುಡುಗಿಗೆ 80. 75 ತೆಗೆದ ಹುಡುಗನಿಗೆ 60, ಅದಕ್ಕೆ 20 ಕೂಡಿಸಿ 80. ಅವಳು ಒಂದು ತಪ್ಪನ್ನೂ ಮಾಡದೆ ಮುಟ್ಟಿದ ಜಾಗಕ್ಕೆ ಅವನು ಇಪ್ಪತ್ತೈದು ಅಂಕ ಚೆಲ್ಲಿಕೊಂಡು ಬಂದು ಪಕ್ಕದಲ್ಲಿ ಕೂತ. ಆ ವರ್ಷ ಅರ್ಜಿ ಹಾಕಿದ ಗಂಡುಗಳಲ್ಲಿ ಆಯ್ಕೆಯಾದವರು ಶೇ. 8.8, ಹೆಣ್ಣುಗಳಲ್ಲಿ ಶೇ. 2.9.

ಪತ್ರಿಕಾಗೋಷ್ಠಿಯಲ್ಲಿ ಆಡಳಿತದವರು ಸೊಂಟ ಮುರಿಯುವಷ್ಟು ಬಾಗಿ ಕ್ಷಮೆ ಕೇಳಿದರು. ನಮಗೆ ಇದು ಗೊತ್ತೇ ಇರಲಿಲ್ಲ ಎಂದೂ ಹೇಳಿದರು. ವರ್ಷಗಟ್ಟಲೆ ಅಂಕಗಳು ತಾವಾಗಿಯೇ ಗುಣಿಸಿಕೊಂಡಿದ್ದವು ಎಂದು ನಾವು ನಂಬಬೇಕು.

ಜುಂಟೆಂಡೊ ವಿಶ್ವವಿದ್ಯಾಲಯದವರು ಇನ್ನೂ ಬುದ್ಧಿವಂತರು. ಹುಡುಗಿಯರ ಮನಸ್ಸು ಬೇಗ ಪಕ್ವವಾಗುತ್ತದೆ, ಅವರು ಚೆನ್ನಾಗಿ ಮಾತಾಡುತ್ತಾರೆ, ಹಾಗಾಗಿ ಸಂದರ್ಶನದಲ್ಲಿ ಹುಡುಗರಿಗೆ ಅನ್ಯಾಯವಾಗುತ್ತದೆ. ನಾವು ಅದನ್ನು ಸರಿಪಡಿಸಿದೆವಷ್ಟೇ ಎಂದರು. ರೋಗಿಯ ಜೊತೆ ಚೆನ್ನಾಗಿ ಮಾತಾಡುವುದು ವೈದ್ಯರಾಗಲು ಅನರ್ಹತೆ ಎಂದು ಒಂದು ವೈದ್ಯಕೀಯ ಕಾಲೇಜೇ ಒಪ್ಪಿಕೊಂಡದ್ದು ಬಹುಶಃ ಇದೇ ಮೊದಲು. ಶಿಕ್ಷಣ ಇಲಾಖೆ ದೇಶದ 81 ವೈದ್ಯಕೀಯ ಶಾಲೆಗಳನ್ನೂ ಜಾಲಾಡಿತು. ಲಿಂಗ, ವಯಸ್ಸು, ಹಳೆಯ ವಿದ್ಯಾರ್ಥಿಗಳ ಮಕ್ಕಳು ಎಂದು ಒಂದಲ್ಲ ಒಂದು ನೆಪದಲ್ಲಿ ತಕ್ಕಡಿ ವಾಲಿಸಿದ್ದ 9 ಶಾಲೆಗಳು ಸಿಕ್ಕಿಬಿದ್ದವು. ಫುಕುಶಿಮಾ, ಸಪ್ಪೊರೊಗಳ ಹೆಸರು ಆ ಪಟ್ಟಿಯಲ್ಲಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಇಷ್ಟಕ್ಕೂ ಹೆಣ್ಣು ಮಾಡಿದ ತಪ್ಪೇನು? ಮದುವೆಯಾಗಿ, ಹೆತ್ತು, ಕೆಲಸ ಬಿಡುತ್ತಾಳೆ ಎಂಬುದು ಒಳಗಿನವರ ಸಮಜಾಯಿಷಿ. ಯಾಕೆ ಬಿಡುತ್ತಾಳೆ ಎಂದು ಕೇಳಲು ಹೋದರೆ ಆಸ್ಪತ್ರೆಯ ಡ್ಯೂಟಿ ಪಟ್ಟಿ ನೋಡಬೇಕಾಗುತ್ತದೆ. 2024ರ ಏಪ್ರಿಲಿನಲ್ಲಿ ಜಪಾನ್ ವೈದ್ಯರ ಓವರ್‌ಟೈಮಿಗೆ ಕೊನೆಗೂ ಮಿತಿ ಹಾಕಿತು: ವರ್ಷಕ್ಕೆ 960 ಗಂಟೆ. ವಿಶೇಷ ಅನುಮತಿ ಪಡೆದ ಆಸ್ಪತ್ರೆಗಳಲ್ಲಿ 1860 ಗಂಟೆ. ಅಂದರೆ ಮಾಮೂಲಿ ಕೆಲಸದ ಮೇಲೆ ದಿನಕ್ಕೆ ಐದು ಗಂಟೆ, ಭಾನುವಾರವೂ ಸೇರಿ. ಇದು ಸುಧಾರಣೆಯಾದ ಮೇಲಿನ ಲೆಕ್ಕ! ಇಂಥ ನೌಕರಿ ಮಾಡಲು ಗಂಡಾದರೆ ಸಾಲದು, ಮನೆಯಲ್ಲಿ ಅನ್ನ ಬೇಯಿಸಿ ಮಕ್ಕಳನ್ನು ಸಾಕಲು ಅವನಿಗೊಬ್ಬಳು ಹೆಂಡತಿಯೂ ಇರಬೇಕು. ನೆಗಡಿ ಬಂದರೆ ಮೂಗು ಕೊಯ್ಯುವ ಚಿಕಿತ್ಸೆಯನ್ನು ವೈದ್ಯಕೀಯ ಕಾಲೇಜೇ ಮಾಡಿದ ಕತೆ ಇದು.

ತಮಾಷೆಯೆಂದರೆ, ವೈದ್ಯೆಯರು ನೋಡಿಕೊಂಡ ವೃದ್ಧ ರೋಗಿಗಳು ಮೂವತ್ತು ದಿನಗಳೊಳಗೆ ಸಾಯುವ ಪ್ರಮಾಣ ತುಸು ಕಡಿಮೆ ಎಂದು ಅಮೆರಿಕದ ಆಸ್ಪತ್ರೆಗಳ ದಾಖಲೆ ಜಾಲಾಡಿ 2017ರಲ್ಲಿ ಬರೆದವರ ಪೈಕಿ ಮೊದಲ ಹೆಸರು ಒಬ್ಬ ಜಪಾನೀ ವೈದ್ಯರದು, ಯೂಸುಕೆ ತ್ಸುಗಾವ. ಪುರುಷ ವೈದ್ಯರ ಕೈಯಲ್ಲಿ ಶೇ. 11.49, ವೈದ್ಯೆಯರ ಕೈಯಲ್ಲಿ ಶೇ. 11.07. ಈ ಪ್ರಬಂಧಕ್ಕೂ 0.8ರಿಂದ ಗುಣಿಸಿದ್ದರೋ ಏನೋ.

ನಗುವುದಕ್ಕೆ ಮುಂಚೆ ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ನಮ್ಮಲ್ಲಿ ಅಂಕ ತಿದ್ದುವ ಕಷ್ಟವನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಸೀದಾ ಸೀಟು ಮಾರುತ್ತೇವೆ. ಕ್ಯಾಪಿಟೇಶನ್ ಶುಲ್ಕ ನಿಷೇಧಿಸಿ ಕರ್ನಾಟಕ ಕಾಯ್ದೆ ತಂದದ್ದು 1984ರಲ್ಲಿ. ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದೇ ಶುಲ್ಕಕ್ಕೆ ಛೀಮಾರಿ ಹಾಕಿದ್ದು 1992ರಲ್ಲಿ. ರಾಜ್ಯದ ವೈದ್ಯಕೀಯ ಕಾಲೇಜುಗಳನ್ನೆಲ್ಲ ಒಂದೇ ಸೂರಿನಡಿ ತರಲು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿದ್ದು 1996ರಲ್ಲಿ. ಡೊನೇಶನ್ ಮಾತ್ರ ಹೆಸರು ಬದಲಿಸಿಕೊಂಡು ಗಟ್ಟಿಮುಟ್ಟಾಗಿದೆ. ಅತ್ತ ಜಪಾನಿನಲ್ಲಿ, 2022ರಲ್ಲಿ ಟೋಕಿಯೋ ನ್ಯಾಯಾಲಯ ಟೋಕಿಯೋ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ 27 ಮಹಿಳೆಯರಿಗೆ ಒಟ್ಟು ಸುಮಾರು 1.8 ಕೋಟಿ ಯೆನ್ ಪರಿಹಾರ ಕೊಡಲು ಆದೇಶಿಸಿತು, ಹತ್ತಿರ ಹತ್ತಿರ ಒಂದು ಕೋಟಿ ರೂಪಾಯಿ. ನಮ್ಮ ಕೆಲವು ಕಾಲೇಜುಗಳಲ್ಲಿ ಎನ್‌ಆರ್‌ಐ ಕೋಟಾದ ಒಂದೇ ಸೀಟಿಗೆ ಇಷ್ಟು ಸಾಲದು.

ಗುಟ್ಟು ರಟ್ಟಾದ ಮೇಲೆ ಜಪಾನಿನಲ್ಲಿ ಏನಾಯಿತು? ಹೆಣ್ಣುಮಕ್ಕಳಿಗೆ ಯಾರೂ ಒಂದಂಕವನ್ನೂ ಹೆಚ್ಚಿಗೆ ಕೊಡಲಿಲ್ಲ, ಕದಿಯುವುದನ್ನು ನಿಲ್ಲಿಸಿದರು ಅಷ್ಟೇ. 2021ರಲ್ಲಿ ದೇಶದ ವೈದ್ಯಕೀಯ ಶಾಲೆಗಳಿಗೆ ಅರ್ಜಿ ಹಾಕಿದ ಹೆಣ್ಣುಗಳಲ್ಲಿ ಶೇ. 13.60, ಗಂಡುಗಳಲ್ಲಿ ಶೇ. 13.51 ಮಂದಿ ಪಾಸಾದರು. ಹೆಣ್ಣುಮಕ್ಕಳನ್ನು ತಡೆಯಲು ಇನ್ನು ಉಳಿದಿರುವುದು ಡ್ಯೂಟಿ ಪಟ್ಟಿಯೊಂದೇ. ಅದನ್ನು ತಿದ್ದಲು ಮತ್ತೊಂದು ಯುದ್ಧ ಬರಲಿ ಎಂದು ಕಾಯಬೇಕಾಗಿಲ್ಲ.