ದಾರಿದ್ರ್ಯದ ದೃಢೀಕರಣ

ಸಾಗರದ ಕಡೆಯ ಅಡಕೆ ಬೆಳೆಗಾರರಾದ ರಾಯರು, ಅಮೆರಿಕೆಯ ವಿದ್ಯಾಪೀಠಗಳ ದ್ರವ್ಯಸಹಾಯವನ್ನಪೇಕ್ಷಿಸಿ ಸಿಎಸ್‌ಎಸ್ ಪ್ರೊಫೈಲ್ ಎಂಬ ಅರ್ಜಿಯನ್ನು ತುಂಬುತ್ತಿದ್ದ ಮಗನ ಪಕ್ಕದಲ್ಲಿ, ಪಹಣಿಯನ್ನೂ ಸೊಸೈಟಿ ಸಾಲದ ಪಾಸ್‌ಬುಕ್ಕನ್ನೂ ಹಿಡಿದು, ಕಟಕಟೆಯೇರಿದ ಸಾಕ್ಷಿದಾರರಂತೆ ಗಂಭೀರವಾಗಿ ಕುಳಿತಿದ್ದರು.

"ಅಪ್ಪಯ್ಯ, ತೋಟಕ್ಕೆ ಬೆಲೆಯೆಷ್ಟೆಂದು ಕೇಳುತ್ತಾರೆ."

"ಮಾರುವುದಿಲ್ಲವೆಂದು ಬರೆ."

"ಅಂಕಿಯೇ ಬೇಕಂತೆ. 25 ಡಾಲರ್ ಶುಲ್ಕವೂ ಇದೆ."

"ಯಾತಕ್ಕೆ?"

"ನಮ್ಮಲ್ಲಿ ಹಣವಿಲ್ಲವೆಂದು ನಿವೇದಿಸುವುದಕ್ಕೆ. ಎರಡನೆಯ ವಿದ್ಯಾಪೀಠದಿಂದ ತಲಾ 16."

"ಬಡವರಿಗೆ ರಿಯಾಯಿತಿಯಿಲ್ಲವೇ?"

"ತಾನಾಗಿ ದೊರೆಯುವುದು ಅಲ್ಲಿಯ ಬಡವರಿಗೆ."

ನ್ಯಾಯವಾಗಿ ಹೇಳುವುದಾದರೆ, 5,000 ಕೋಟಿ ಡಾಲರನ್ನೂ ಮೀರಿದ ನಿಧಿಯ ಒಡೆತನವುಳ್ಳ ಹಾರ್ವರ್ಡ್ ವಿದ್ಯಾಪೀಠವು, ಯೇಲ್ ಮತ್ತು ಎಂಐಟಿಗಳಂತೆಯೇ, 2022ರಲ್ಲಿ ಈ ಪಂಕ್ತಿಗೆ ಸೇರಿದ ಡಾರ್ಟ್‌ಮತ್ತಿನಂತೆಯೇ, ಪರದೇಶದ ವಿದ್ಯಾರ್ಥಿಯನ್ನು ಆರಿಸುವಾಗ ಅವನ ಕಿಸೆಯನ್ನು ನೋಡದೆ, ಆರಿಸಿದ ಮೇಲೆ ಅವನ ಕೊರತೆಯನ್ನು ಪೂರ್ತಿಯಾಗಿ ತುಂಬಿಕೊಡತಕ್ಕದ್ದು. ಆದರೆ ಆರಿಸಬೇಕಲ್ಲ!

"ಸ್ಟ್ಯಾನ್‌ಫರ್ಡೋ?"

"ಅದು ಕಿಸೆಯನ್ನೂ ನೋಡುತ್ತದೆ. ಸಹಾಯ ಬೇಡವೆಂದು ಬರೆದು ಒಳಹೊಕ್ಕರೆ ನಾಲ್ಕು ವರ್ಷವೂ ಕೇಳುವಂತಿಲ್ಲ."

"ಹಾಗಾದರೆ ನಾವೀಗ ಬಡವರೋ, ಅನುಕೂಲಸ್ಥರೋ?"

"ಬೇಗ ನಿಶ್ಚಯಿಸಿ ಅಪ್ಪಯ್ಯ, ಗಡುವು ಮೀರುತ್ತದೆ."

ರಾಯರು ಕವಳವನ್ನು ಉಗಿದು ಬಂದರು.

"ಕೊಳೆರೋಗ ಬಂದ ವರ್ಷದ ಲೆಕ್ಕ ಹಾಕು. ಒಳ್ಳೆಯ ಫಸಲಿನದು ನಿನಗೆ ಹೆಣ್ಣು ಕೇಳಲು ಹೋಗುವಾಗ ಬೇಕಾಗುತ್ತದೆ."