ಕಾಲು ಲೀಟರಿನ ಸುಂಕ

ಕೋವಿ ಇಟ್ಟುಕೊಳ್ಳಲು ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸ್ ಬೇಡ. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಅದೇ ಕೊಡಗಿನವರು ಹೊರದೇಶದಿಂದ ಮೂರು ಬಾಟಲಿ ವೈನ್ ತಂದರೆ ಮಾತ್ರ ವಿಮಾನ ನಿಲ್ದಾಣದಲ್ಲಿ ಸುಂಕ ಕಟ್ಟುವವರ ಕೆಂಪು ದಾರಿ ಹಿಡಿಯಬೇಕು. ಕೋವಿಗಿಂತ ಬಾಟಲಿಯೇ ಅಪಾಯ ಎಂದು ದೆಹಲಿಯವರಿಗೆ ಅನ್ನಿಸಿದ್ದರೆ, ನಮ್ಮ ಕಡೆಯ ಮದುವೆಗಳನ್ನು ಕಂಡವರು ಇಲ್ಲವೆನ್ನಲಾರರು.

ತೊಂದರೆಯೆಲ್ಲ ಇರುವುದು ಲೆಕ್ಕದಲ್ಲಿ. ಒಬ್ಬ ಪ್ರಯಾಣಿಕ ಸುಂಕವಿಲ್ಲದೆ ತರಬಹುದಾದ ಮದ್ಯ 2 ಲೀಟರ್. ವೈನ್ ಬಾಟಲಿಯಲ್ಲಿರುವುದು 750 ಮಿಲಿ. ಎರಡು ತಂದರೆ ಅರ್ಧ ಲೀಟರ್ ಹಕ್ಕು ವ್ಯರ್ಥ, ಮೂರು ತಂದರೆ ಕಾಲು ಲೀಟರ್ ಹೆಚ್ಚು. ಬಾಟಲಿ ಮಾಡಿದವರೂ ಕಾನೂನು ಮಾಡಿದವರೂ ಒಮ್ಮೆಯೂ ಒಟ್ಟಿಗೆ ಕುಳಿತು ಕುಡಿದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪಕ್ಕದ ತೋಟದ ಮೇಜರ್ ಮಾವ ಮೆಲ್ಬರ್ನಿನ ಮಗಳ ಮನೆಯಿಂದ ಬರುವಾಗ ಮೂರು ಬಾಟಲಿ ತಂದರು. "ಹಸಿರು ದಾರಿಯಲ್ಲಿ ಸುಮ್ಮನೆ ನಡೆದುಬಿಡಿ ಪಪ್ಪಾ, ಯಾರು ಕೇಳ್ತಾರೆ?" ಎಂದು ಮಗಳು ಹೇಳಿ ಕಳಿಸಿದ್ದಳು. ಮಾವ ಸೈನ್ಯದವರು. ನೆಟ್ಟಗೆ ಕೆಂಪು ದಾರಿಗೆ ಹೋಗಿ, ಕೇಳುವ ಮೊದಲೇ ಸೂಟ್‌ಕೇಸ್ ತೆರೆದು, ಉಣ್ಣೆಯ ಬನಿಯನ್ನುಗಳಲ್ಲಿ ಸುತ್ತಿದ್ದ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿದರು. ತಾನಾಗಿ ಬಂದು ಶರಣಾದವರನ್ನು ಏನು ಮಾಡಬೇಕೆಂದು ಅಧಿಕಾರಿಗೆ ತಿಳಿಯಲಿಲ್ಲವಂತೆ. ಹೆಚ್ಚಾದ ಕಾಲು ಲೀಟರನ್ನು ಇಲ್ಲೇ ಕುಡಿದುಬಿಡುತ್ತೇನೆ, ಆಗ ಎರಡೇ ಲೀಟರ್ ಉಳಿಯುತ್ತದಲ್ಲ ಎಂದು ಮಾವ ಕೇಳಿದರು. "ಸಾರ್, ಕುಡಿದದ್ದು ಕಾಲು ಲೀಟರೇ ಅಂತ ಅಳೆಯೋರು ಯಾರು?" ಎಂದರಂತೆ ಅಧಿಕಾರಿ. ನ್ಯಾಯವಾದ ಪ್ರಶ್ನೆ. ಮಾವ ಸುಂಕ ಕಟ್ಟಿದರು.

ಹೊರದೇಶದ ವೈನಿಗೆ ನಮ್ಮಲ್ಲಿ ಆಮದು ಸುಂಕ ಬಹುಕಾಲ ಶೇ. 150 ಇತ್ತು. ಆಸ್ಟ್ರೇಲಿಯಾದೊಡನೆ ಆದ ಒಪ್ಪಂದ 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಮೇಲೆ ಅಲ್ಲಿನ ತುಸು ದುಬಾರಿ ಬಾಟಲಿಗಳಿಗೆ ಕಡಿಮೆಯಾಯಿತು. ಅದು ವ್ಯಾಪಾರಿಗಳ ಮಾತಾಯಿತು ಬಿಡಿ. ಬನಿಯನ್ನಿನಲ್ಲಿ ಸುತ್ತಿ ತರುವವರನ್ನು ಒಪ್ಪಂದ ಬರೆದವರು ನೆನೆದಿರಲಾರರು.

ಇಷ್ಟಕ್ಕೂ ಕೊಡಗಿಗೆ ವೈನ್ ಹೊರಗಿನಿಂದ ಬರಬೇಕೇ? ಮಡಿಕೇರಿಯಲ್ಲಿ ಮಸಾಲೆ, ಜೇನು ಮಾರುವ ಅಂಗಡಿಗಳ ಬೋರ್ಡಿನಲ್ಲೆಲ್ಲ 'ಹೋಮ್ ಮೇಡ್ ವೈನ್' ಇದೆ. ದ್ರಾಕ್ಷಿಯಷ್ಟೇ ಅಲ್ಲ, ನೆಲ್ಲಿಕಾಯಿ, ಶುಂಠಿ, ಪ್ಯಾಷನ್ ಫ್ರೂಟ್, ವೀಳ್ಯದೆಲೆ, ಸೂಜಿಮೆಣಸು, ಹಿತ್ತಿಲಲ್ಲಿ ಬೆಳೆಯುವುದೆಲ್ಲ ಇಲ್ಲಿ ವೈನ್ ಆಗಲು ಅರ್ಹ. ಮಾವನ ಹೆಂಡತಿ, ನಮ್ಮ ಅತ್ತೆ, ದ್ರಾಕ್ಷಿ ಹಿಸುಕಿ ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ ಹಾಕಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಾರೆ. ದಿನಾ ಬೆಳಿಗ್ಗೆ ಮರದ ಸೌಟಿನಿಂದ ಒಮ್ಮೆ ತಿರುವುವುದು, ಭರಣಿಗೆ ಕಿವಿಯಿಟ್ಟು ಗುಳುಗುಳು ಸದ್ದು ಕೇಳುವುದು. ಸದ್ದು ನಿಂತ ಮೇಲೆ ಸೋಸುವುದು. ಅವರ ಶುಂಠಿ ವೈನ್ ಕುಡಿದರೆ ನೆಗಡಿ ಹೆದರಿ ಓಡುತ್ತದೆ, ಕೆಲವೊಮ್ಮೆ ನೆಂಟರೂ.

ಗಡಿ ದಾಟಿದರೆ ಬಾಟಲಿಯ ಬೆಲೆ ಬದಲಾಗುತ್ತದೆಂಬುದು ವಿರಾಜಪೇಟೆಯವರಿಗೆ ಹೊಸದಲ್ಲ. ಮಾಕುಟ್ಟದ ಘಾಟಿ ಇಳಿದು ತಲಶ್ಶೇರಿಗೆ ಹೋದರೆ ಮುಂದೆಯೇ ಮಾಹೆ. 1954ರವರೆಗೆ ಫ್ರೆಂಚರದ್ದು, ಈಗ ಪುದುಚೇರಿಗೆ ಸೇರಿದ್ದು. ಸುತ್ತಲೆಲ್ಲ ಕೇರಳ, ನಡುವೆ ಅಗ್ಗದ ಮದ್ಯದ ಒಂದು ಚೂರು ನೆಲ. ಅಬಕಾರಿ ರಾಜ್ಯಗಳ ಕೈಯಲ್ಲಿದೆ, ಮದ್ಯಕ್ಕೆ ಜಿಎಸ್‌ಟಿಯೂ ತಗಲಿಲ್ಲ. ಆದ್ದರಿಂದ ಮಾಹೆಯ ಬಾಟಲಿ ಮಾಹೆಯಲ್ಲಿದ್ದಾಗ ಮರ್ಯಾದಸ್ಥ, ಚೆಕ್‌ಪೋಸ್ಟಿನಲ್ಲಿ ಆರೋಪಿ. 2018ರ ಕೊನೆಗೆ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ಗಲ್ಫ್‌ನಿಂದ ಬರುವ ನಮ್ಮವರೂ ಕಸ್ಟಮ್ಸ್ ಮುಗಿಸಿ ಇದೇ ಘಾಟಿ ಹತ್ತುತ್ತಾರೆ. ಒಂದೇ ಬಾಟಲಿಗೆ ಎರಡೆರಡು ಸಲ ಉತ್ತರ ಕೊಡಬೇಕು.

ಕೈಲ್‌ಪೊಳ್ದ್ ಹಬ್ಬಕ್ಕೆ ಮೇಜರ್ ಮಾವನ ಬಾಟಲಿ ಹೊರಬಂತು. ಗುರುಹಿರಿಯರಿಗೆ ಮೀದಿ, ಅಂದರೆ ಎಡೆ, ಇಡುವಾಗ ಬಾಳೆಲೆಯಲ್ಲಿ ಕಡುಂಬುಟ್ಟು, ಪಂದಿಕರಿ, ಪಕ್ಕದಲ್ಲಿ ಒಂದು ಲೋಟ ಮದ್ಯ ಇರಬೇಕು. ಸುಂಕ ಕಟ್ಟಿ ತಂದದ್ದು ಹಿರಿಯರಿಗೇ ಮೊದಲು ಸಲ್ಲಲಿ ಎಂದರು ಮಾವ. ಅತ್ತೆ ಒಪ್ಪಲಿಲ್ಲ. "ನಿಮ್ಮ ಅಪ್ಪ ಹುಳಿ ಹಣ್ಣನ್ನೇ ಮುಟ್ಟಿದವರಲ್ಲ, ಇದನ್ನು ಕುಡೀತಾರಾ?" ಎಂದು ಮಿಲಿಟರಿ ಕ್ಯಾಂಟೀನಿನ ರಮ್ ಸುರಿದಿಟ್ಟರು. ವೈನ್ ನೆಂಟರ ಪಾಲಾಯಿತು. ಬಾಟಲಿಗಿಂತ ಮುಂಚೆ ಮಾವ ಸುಂಕದ ರಸೀದಿಯನ್ನು ಕೈಯಿಂದ ಕೈಗೆ ದಾಟಿಸಿದರು. ಅದನ್ನು ಓದಿದ ಮೇಲೆ ಚೆನ್ನಾಗಿಲ್ಲ ಎನ್ನುವ ಧೈರ್ಯ ಯಾರಿಗಿರುತ್ತದೆ? ಎಲ್ಲರೂ ತಲೆದೂಗಿ, ಒಬ್ಬೊಬ್ಬರಾಗಿ ಅತ್ತೆಯ ಭರಣಿಯ ಕಡೆಗೆ ಸರಿದರು.

ಮುಂದಿನ ವರ್ಷ ಅತ್ತೆಯೂ ಮೆಲ್ಬರ್ನಿಗೆ ಹೊರಟಿದ್ದಾರೆ. ಇಬ್ಬರಿಗೆ 4 ಲೀಟರ್, ಐದು ಬಾಟಲಿ ಸಲೀಸು ಎಂದು ಮಾವ ಈಗಲೇ ಲೆಕ್ಕ ಹಾಕಿದ್ದಾರೆ. ಒಬ್ಬರ ವಿನಾಯಿತಿಯನ್ನು ಇನ್ನೊಬ್ಬರದಕ್ಕೆ ಸೇರಿಸುವಂತಿಲ್ಲ, ಐದನೆಯ ಬಾಟಲಿ ಯಾರ ಪೆಟ್ಟಿಗೆಯಲ್ಲಿದ್ದರೂ ಕಾಲು ಲೀಟರ್ ಹೆಚ್ಚೇ ಎಂದು ನಾನು ಹೇಳಿ ನೋಡಿದೆ. ಅವರಿಗೇನೂ ಬೇಸರವಾದಂತೆ ಕಾಣಲಿಲ್ಲ. ಅತ್ತೆ ಮಾತ್ರ, ತಮ್ಮ ಪೆಟ್ಟಿಗೆಯಲ್ಲಿ ಹೋಗುವಾಗ ಕಾಳುಮೆಣಸು, ಬರುವಾಗ ಮೊಮ್ಮಗನ ಹಳೇ ಸ್ವೆಟರ್, ಬೇರೇನಕ್ಕೂ ಜಾಗವಿಲ್ಲ ಎಂದು ಹೇಳಿಬಿಟ್ಟಿದ್ದಾರೆ.